ನೀಲತಂತು ಮೀಮಾಂಸೆ: ಟ್ರೇಲರ್ ಬ್ರೇಕಿನ ವೈರಿಂಗ್ ಕುರಿತ ಸಭಾಷ್ಯ ಗ್ರಂಥ

ಯಾವ ಶಾಸ್ತ್ರಕ್ಕಾದರೂ ಮೊದಲು ಅಧಿಕಾರಿ ಯಾರೆಂಬುದು ಇತ್ಯರ್ಥವಾಗಬೇಕು. ಪಿಕಪ್ ಟ್ರಕ್ ಉಳ್ಳವನು. ಅದರ ಹಿಂದೆ ಕಟ್ಟಿಕೊಂಡು ಹೋಗಲು ಮಂಚ, ಅಡುಗೆಮನೆ, ಕಕ್ಕಸು ಸಮೇತ ಒಂದು ಟ್ರೇಲರ್ ಉಳ್ಳವನು. ಎರಡರ ಸಾಲದ ಕಂತೂ ತೀರದವನು. ಬೆನ್ನ ಮೇಲೆ ಮಲಗಿ ವಾಹನದಡಿಗೆ ತೆವಳಬಲ್ಲವನು. ಇಂಥವನೇ ಅಧಿಕಾರಿ. ಉಳಿದವರು ಓದಬಹುದು, ಫಲವಿಲ್ಲ. ಸೂತ್ರಗಳನ್ನು ಬರೆದವನು ನಾನು. ಭಾಷ್ಯ ಬರೆಯಲು ಬೇರೆ ಯಾರೂ ಒಪ್ಪದ್ದರಿಂದ ಅದೂ ನನ್ನದೇ. ಎರಡಕ್ಕೂ ವಿರೋಧ ಬಂದಲ್ಲಿ ಭಾಷ್ಯವನ್ನು ನಂಬತಕ್ಕದ್ದು. ಸೂತ್ರಕಾರನಿಗೆ ಕೈ ಮಸಿ ಮಾಡಿಕೊಂಡು ಅಭ್ಯಾಸವಿಲ್ಲ.

ಉದಾಹರಣೆಗೆ ದೇವದತ್ತನಿದ್ದಾನೆ. ನಮ್ಮ ಶಾಸ್ತ್ರಗಳಲ್ಲಿ ಇವನಷ್ಟು ದುಡಿದ ಜೀವ ಇನ್ನೊಂದಿಲ್ಲ. ವೈಯಾಕರಣರು ಇವನಿಂದ ಅನ್ನ ಮಾಡಿಸಿದರು, ಊರಿಂದೂರಿಗೆ ನಡೆಸಿದರು. ಮೀಮಾಂಸಕರು ಹಗಲೂಟ ಬಿಡಿಸಿ, ಆಮೇಲೆ ‘ಇವನೇಕೆ ಇಷ್ಟು ದಪ್ಪ’ ಎಂದು ಚರ್ಚೆಗಿಟ್ಟರು. ಇಷ್ಟೆಲ್ಲ ಆದ ಮೇಲೆ ದೇವದತ್ತ ಅಮೆರಿಕಕ್ಕೆ ಹೋದ. ಈಗ ಕೊಲೊರಾಡೊದ ಡೆನ್ವರ್ ಬಳಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಶುಕ್ರವಾರ ಸಂಜೆಯಾದರೆ ಟ್ರೇಲರ್ ಕಟ್ಟಿ ಐ-70 ಹೆದ್ದಾರಿ ಹಿಡಿದು ಬೆಟ್ಟ ಹತ್ತುತ್ತಾನೆ. ಅಲ್ಲಿ 11,000 ಅಡಿಗೂ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವಿದೆ. ಆಚೀಚಿನ ಇಳಿಜಾರು ಕೆಲವೆಡೆ ಶೇ. 7. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದೇ ರಸ್ತೆಯ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ಮೋಕ್ಷಶಾಸ್ತ್ರದ ಅಗತ್ಯ ಮನುಷ್ಯನಿಗೆ ಹೊಳೆಯುವುದು ಇಂಥ ಜಾಗದಲ್ಲಿಯೇ.

ಇತಿಹಾಸವನ್ನು ಬೇಗ ಮುಗಿಸೋಣ. 1820ರಲ್ಲಿ ಅರ್ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. 1827ರಲ್ಲಿ ಗಿಯೋರ್ಗ್ ಓಮ್ ತನ್ನ ನಿಯಮವನ್ನು ಪುಸ್ತಕ ಮಾಡಿದ. ಪಂಡಿತರು ಮೂಗು ಮುರಿದರು. 1927ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಬೆಲಾಯ್ಟ್ ಊರಿನಲ್ಲಿ ಆರ್ಥರ್ ವಾರ್ನರ್ ಎಲೆಕ್ಟ್ರಿಕ್ ಬ್ರೇಕಿನ ಕಂಪನಿ ತೆರೆದ. ಓಮ್‌ಗೂ ವಾರ್ನರ್‌ಗೂ ನಡುವೆ ಸರಿಯಾಗಿ ನೂರು ವರ್ಷ. ಇದನ್ನು ಕಾಕತಾಳೀಯ ಎನ್ನುವವರು ಪಿಎಚ್.ಡಿ. ಮಾಡಿದವರಲ್ಲ. ವಾರ್ನರ್ ಅದಕ್ಕೂ ಮೊದಲು ಮೋಟಾರು ಕಾರಿನ ಸ್ಪೀಡೋಮೀಟರ್ ಮಾಡಿ ಮಾರಿದ್ದ. ಆಮೇಲೆ 1909ರಲ್ಲಿ ಕರ್ಟಿಸ್ ವಿಮಾನ ಕೊಂಡು ಹಾರಾಡಿದ. ಕೊನೆಗೆ ಬ್ರೇಕಿಗೆ ಬಂದ. ವೇಗ ಎಷ್ಟೆಂದು ಜನಕ್ಕೆ ತೋರಿಸಿಕೊಟ್ಟವನಿಗೇ ನಿಲ್ಲಿಸುವ ಹೊಣೆ ಬಿತ್ತು ಎನ್ನುವುದು ನ್ಯಾಯವಾಗಿಯೇ ಇದೆ.

ಸೂತ್ರ: ‘ಹಿಡಿಯುವುದು ಕಾಂತ, ನಿಲ್ಲಿಸುವುದು ಗಾಲಿಯೇ.’

ಭಾಷ್ಯ: ಟ್ರೇಲರ್ ಗಾಲಿಯ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ ಇರುತ್ತದೆ. ಚಾಲಕ ಬ್ರೇಕ್ ತುಳಿದಾಗ ಡ್ಯಾಶ್‌ಬೋರ್ಡಿನ ಕೆಳಗಿರುವ ಕಂಟ್ರೋಲರ್ ನೀಲಿ ತಂತಿಯಲ್ಲಿ ಕರೆಂಟು ಬಿಡುತ್ತದೆ. ಕಾಂತ ತಿರುಗುವ ಡ್ರಮ್ಮಿನ ಮೈಗೆ ಅಂಟಿ, ಅದರೊಂದಿಗೆ ತುಸು ದೂರ ಎಳೆಸಿಕೊಂಡು ಹೋಗುತ್ತದೆ. ಆ ಎಳೆತಕ್ಕೆ ಒಂದು ಸನ್ನೆಕೋಲು ಕದಲಿ ಬ್ರೇಕ್ ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಕರೆಂಟು ಮಾಡುವುದು ಅಂಟಿಸುವ ಕೆಲಸ ಮಾತ್ರ. ಗಾಲಿಯನ್ನು ನಿಲ್ಲಿಸುವ ಬಲ ಗಾಲಿಯ ತಿರುಗಾಟದ್ದೇ. ಕಂಟ್ರೋಲರುಗಳಲ್ಲಿ ಕಾಲವಾದಿ, ಅನುಪಾತವಾದಿ ಎಂದು ಎರಡು ಮತ. ಮೊದಲನೆಯದು ಬ್ರೇಕ್ ತುಳಿದ ಕ್ಷಣದಿಂದ ಸಮಯ ಎಣಿಸಿ ಕರೆಂಟು ಏರಿಸುತ್ತದೆ. ಎರಡನೆಯದು ಟ್ರಕ್ಕಿನ ವೇಗ ಎಷ್ಟು ಜೋರಾಗಿ ಇಳಿಯುತ್ತಿದೆ ಎಂದು ನೋಡಿ ಅಷ್ಟಕ್ಕಷ್ಟೇ ಕೊಡುತ್ತದೆ. ಎರಡನೆಯದೇ ಮೇಲು. ಇದರ ಮೇಲೆ ವಾದ ಬೇಡ.

ಇನ್ನು ಪ್ರಮಾಣ ವಿಚಾರ. ದೋಷವಿದೆ ಎಂದು ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರು ಆರು ಪ್ರಮಾಣ ಒಪ್ಪುತ್ತಾರೆ. ಪ್ರಾಭಾಕರರು ಆರನೆಯದಾದ ಅನುಪಲಬ್ಧಿಯನ್ನು ಬಿಟ್ಟು ಐದೇ ಎನ್ನುತ್ತಾರೆ. ಇಲ್ಲದಿರುವಿಕೆಯನ್ನು ತಿಳಿಯಲು ಬೇರೆಯದೇ ಪ್ರಮಾಣ ಬೇಕೇ ಎಂಬ ಈ ಹಳೆಯ ಜಗಳವನ್ನು ದೇವದತ್ತನ ಟ್ರಕ್ಕು ಒಂದೇ ಏಟಿಗೆ ಬಗೆಹರಿಸಿತು. ಅದರ ಪರದೆಯ ಮೇಲೆ ‘ಟ್ರೇಲರ್ ಇಲ್ಲ, ವೈರಿಂಗ್ ನೋಡಿ’ ಎಂಬ ಸಂದೇಶ ಬಂತು. ಕನ್ನಡಿಯಲ್ಲಿ ನೋಡಿದರೆ ಮೂರು ಟನ್ ಟ್ರೇಲರ್ ಹಿಂದೆಯೇ ಬರುತ್ತಿದೆ. ಟ್ರಕ್ಕು ಶುದ್ಧ ಭಾಟ್ಟ ಮತದ್ದು: ನೀಲಿ ತಂತಿಯ ತುದಿಯಲ್ಲಿ ಕಾಂತಗಳು ಸಿಗದಿದ್ದರೆ ಅದರ ಪಾಲಿಗೆ ಟ್ರೇಲರೇ ಇಲ್ಲ.

ಅನುಮಾನಕ್ಕೆ ತಾರ್ಕಿಕರು ಕೊಡುವ ಮಾಮೂಲಿ ಉದಾಹರಣೆ ಬೆಟ್ಟ, ಹೊಗೆ ಮತ್ತು ಬೆಂಕಿ. ಕೊಲೊರಾಡೊದಲ್ಲಿ ಬೆಟ್ಟ ಹುಡುಕಬೇಕಾಗಿಲ್ಲ. ಇಳಿಜಾರಿನ ಬುಡದಲ್ಲಿ ದೇವದತ್ತ ಗಾಡಿ ನಿಲ್ಲಿಸಿದಾಗ ಟ್ರಕ್ಕಿನ ಮುಂದಿನ ಗಾಲಿಗಳಿಂದ ಹೊಗೆ ಏಳುತ್ತಿತ್ತು. ಟ್ರೇಲರಿನ ನಾಲ್ಕೂ ಡ್ರಮ್ಮು ಕೈ ಇಡುವಷ್ಟು ತಣ್ಣಗಿದ್ದವು. ಇಲ್ಲಿ ಹೊಗೆ ಹೇಳಿದ್ದು ತಾನಿದ್ದ ಜಾಗದ ಸುದ್ದಿಯನ್ನಲ್ಲ, ಇಪ್ಪತ್ತು ಅಡಿ ಹಿಂದಿನ ಸುದ್ದಿಯನ್ನು: ಹಿಂದಿನವನು ದುಡಿಯುತ್ತಿಲ್ಲ, ಎಲ್ಲ ಭಾರ ಮುಂದಿನವನ ಮೇಲೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಅನುಮಾನ ಬೇಗ ಹತ್ತುತ್ತದೆ.

ಉಪಮಾನವೆಂದರೆ ಪಕ್ಕದ ಮನೆಯ ಯಜ್ಞದತ್ತನ ಟ್ರೇಲರ್ ನೋಡಿ ಅದರಂತೆ ಮಾಡುವುದು. ಮಾಡಬಾರದು. ಏಕೆಂದರೆ ವರ್ಣಭೇದ.

ಅಮೆರಿಕದ ಟ್ರೇಲರ್ ಲೋಕದಲ್ಲಿ ತಂತಿಯ ಬಣ್ಣಕ್ಕೆ ಮುಖ್ಯವಾಗಿ ಎರಡು ಸಂಪ್ರದಾಯ. ದೋಣಿ, ಹುಲ್ಲು, ಸಾಮಾನು ಎಳೆಯುವವರದು ಒಂದು. ಮನೆ ಎಳೆಯುವವರದು ಇನ್ನೊಂದು. ಮೊದಲನೆಯವರಲ್ಲಿ ಹಳದಿ ಎಂದರೆ ಎಡ ಇಂಡಿಕೇಟರ್, ಹಸಿರು ಎಂದರೆ ಬಲ, ಕಂದು ಎಂದರೆ ಹಿಂಬದಿ ದೀಪ. ಎರಡನೆಯವರಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಕಂದು, ಹಿಂಬದಿ ದೀಪಕ್ಕೆ ಹಸಿರು; ಹಳದಿಯನ್ನು ರಿವರ್ಸ್ ಲೈಟಿಗೋ ಇನ್ನೇನಕ್ಕೋ ಬಿಟ್ಟಿದ್ದಾರೆ. ಬಣ್ಣಕ್ಕೆ ಬಣ್ಣ ಕೂಡಿಸಿದ ಭಕ್ತ ಬಲಕ್ಕೆ ತಿರುಗಲು ಹೊರಟರೆ ಟ್ರೇಲರ್ ಹಿಂಬದಿ ದೀಪಗಳನ್ನೆಲ್ಲ ಒಟ್ಟಿಗೆ ಮಿಟುಕಿಸುತ್ತದೆ. ಹಿಂದೆ ಬರುವವನು ಅದನ್ನು ಹಬ್ಬವೆಂದು ತಿಳಿಯುವ ಅಪಾಯವಿದೆ.

ಹೋಗಲಿ, ಬ್ರೇಕಿನ ನೀಲಿ ಮತ್ತು ಗ್ರೌಂಡಿನ ಬಿಳಿ ಎರಡು ಕಡೆಯೂ ಒಂದೇ ಎಂದು ಸಮಾಧಾನ ಪಡುವ ಹೊತ್ತಿಗೆ ಪೂರ್ವಪಕ್ಷಿ ದೋಣಿಯವರ ಐದು ತಂತಿಯ ಕನೆಕ್ಟರ್ ಎತ್ತಿ ತೋರಿಸುತ್ತಾನೆ. ದೋಣಿ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಎಲೆಕ್ಟ್ರಿಕ್ ಬ್ರೇಕ್ ಇಲ್ಲ. ಟ್ರಕ್ಕು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ಒತ್ತುವ ಬಲವೇ ಹೈಡ್ರಾಲಿಕ್ ಬ್ರೇಕನ್ನು ಹಿಡಿಸುತ್ತದೆ. ಹಾಗಾದರೆ ರಿವರ್ಸ್ ಹೋಗುವಾಗಲೂ ಹಿಡಿಯುತ್ತದಲ್ಲ? ಹಿಡಿಯಬಾರದೆಂದು ತಡೆಯಲು ಅಲ್ಲಿ ನೀಲಿ ತಂತಿ ಇದೆ. ಒಂದು ಶಾಖೆಯಲ್ಲಿ ‘ಬ್ರೇಕ್ ಹಿಡಿ’ ಎನ್ನುವ ನೀಲಿ ಇನ್ನೊಂದರಲ್ಲಿ ‘ಹಿಡಿಯಬೇಡ’ ಎನ್ನುತ್ತದೆ. ವಿಧಿಯೂ ಅದೇ, ನಿಷೇಧವೂ ಅದೇ. ಜೈಮಿನಿ ಬದುಕಿದ್ದರೆ ಇದಕ್ಕೊಂದು ಅಧಿಕರಣ ಮೀಸಲಿಡುತ್ತಿದ್ದರು.

ಸಿದ್ಧಾಂತ: ಬಣ್ಣವನ್ನು ನಂಬಬೇಡ, ಜಾಗವನ್ನು ನಂಬು. ಏಳು ಕೊಂಡಿಯ ದುಂಡು ಸಾಕೆಟ್ಟಿನಲ್ಲಿ ಕೆಳಗಿನ ಎರಡು ಕೊಂಡಿಗಳಲ್ಲಿ ಒಂದು ಬ್ರೇಕಿನದು, ಪಕ್ಕದ್ದು ಗ್ರೌಂಡಿನದು. ಟ್ರಕ್ಕಿನ ಸಾಕೆಟ್ಟಿಗೂ ಟ್ರೇಲರಿನ ಪ್ಲಗ್ಗಿಗೂ ಎಡಬಲ ಅದಲುಬದಲು ಎಂಬುದು ನೆನಪಿರಲಿ. ಎಲ್ಲಕ್ಕಿಂತ ಮುಖ್ಯವಾದ ಈ ಎರಡನ್ನೇ ತಳದಲ್ಲಿಟ್ಟದ್ದೇಕೆ? ನೀರು ಇಳಿದು ನಿಲ್ಲುವುದು ತಳದಲ್ಲೇ. ಕೊಲೊರಾಡೊದಲ್ಲಿ ಹಿಮಗಾಲಕ್ಕೆ ರಸ್ತೆಯ ಮೇಲೆ ಸುರಿಯುವ ಮೆಗ್ನೀಷಿಯಂ ಕ್ಲೋರೈಡ್ ಕೂಡ ಅಲ್ಲೇ ಸೇರುತ್ತದೆ. ಇಲ್ಲಿ ಸೂತ್ರಕಾರ ಮೌನವಾಗಿದ್ದಾನೆ.

ಪ್ರತ್ಯಕ್ಷಕ್ಕೆ ಬಂದೆವು. ದೇವದತ್ತ ಮಲ್ಟಿಮೀಟರ್ ತಂದು ಸಾಕೆಟ್ಟಿನ ಆ ಎರಡು ಕೊಂಡಿಗೆ ಹಿಡಿದ. ಹೆಂಡತಿ ಒಳಗೆ ಕೂತು ಕಂಟ್ರೋಲರಿನ ಕೈಸನ್ನೆಕೋಲನ್ನು ಪೂರ್ತಿ ಒತ್ತಿದಳು. 12 ವೋಲ್ಟ್. ಟ್ರಕ್ಕು ಸರಿಯಿದೆ ಎಂದು ತೀರ್ಪಾಯಿತು. ಆಮೇಲೆ ಟ್ರೇಲರ್ ಕಡೆಯ ನೀಲಿ ತಂತಿಗೆ ಆಮ್ಮೀಟರ್ ಸೇರಿಸಿ ಮತ್ತೆ ಒತ್ತಿಸಿದ. ಒಂದೊಂದು ಕಾಂತದ ರೋಧ ಹೆಚ್ಚುಕಡಿಮೆ 4 ಓಮ್, 12 ವೋಲ್ಟಿಗೆ 3 ಆಂಪಿಯರ್. ನಾಲ್ಕು ಗಾಲಿಗೆ 12 ಆಂಪಿಯರ್ ಬರಬೇಕು. ಬಂದದ್ದು 6. ಇಲ್ಲಿ ಅರ್ಥಾಪತ್ತಿ ಜಾಗೃತವಾಯಿತು. ಹಗಲು ಉಣ್ಣದವನು ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆ; ಹನ್ನೆರಡು ಬರಬೇಕಾದಲ್ಲಿ ಆರು ಬಂದರೆ ಎರಡು ಕಾಂತ ಸತ್ತಿವೆ. ದೇವದತ್ತ ಎರಡು ಹೊಸ ಕಾಂತ ತರಿಸಿ, ಡ್ರಮ್ಮು ಬಿಚ್ಚಿ, ಮೊಣಕೈವರೆಗೆ ಮಸಿಯಾಗಿ ಕೂಡಿಸಿದ. ಒತ್ತಿಸಿದ. 6.

ಅರ್ಥಾಪತ್ತಿಗೆ ಮೀಮಾಂಸಕರೇ ಹಾಕಿರುವ ಒಂದು ಎಚ್ಚರಿಕೆಯಿದೆ: ಬೇರೆ ರೀತಿಯಲ್ಲಿ ವಿವರಿಸಲು ಬಂದರೆ ಅದು ನಿಲ್ಲದು. ಇದಕ್ಕೆ ಅನ್ಯಥೋಪಪತ್ತಿ ಎನ್ನುತ್ತಾರೆ. ದೇವದತ್ತ ಇದನ್ನು ಓದಿರಲಿಲ್ಲ, ಓದಿದ್ದರೂ ಆ ಹೊತ್ತಿಗೆ ಹೇಳಿದವನಿಗೆ ಸ್ಪ್ಯಾನರಿನಲ್ಲಿ ಹೊಡೆಯುತ್ತಿದ್ದ.

ಉಳಿದದ್ದು ಶಬ್ದಪ್ರಮಾಣ, ಆಪ್ತವಾಕ್ಯ. ಆರು ತಿಂಗಳಿಗೆಂದು ಹಾಸನದ ಹಳ್ಳಿಯಿಂದ ಬಂದಿದ್ದ ಅಪ್ಪ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು.

‘ಅರ್ಥಿಂಗ್ ನೋಡ್ದೇನಪ್ಪ?’

‘ಅಪ್ಪ, ಇದು ಹನ್ನೆರಡು ವೋಲ್ಟು. ನಿಮ್ ಪಂಪ್‌ಸೆಟ್ ತರ ಅಲ್ಲ.’

‘ಹನ್ನೆರಡೋ ನಾನೂರೋ, ಹೋದ ಕರೆಂಟು ವಾಪಸ್ ಬರ್ಬೇಕೋ ಬೇಡ್ವೋ?’

ಈ ವಾಕ್ಯವನ್ನು ಸೂತ್ರವೆಂದು ಸ್ವೀಕರಿಸಿದ್ದೇನೆ. ನನ್ನ ಸೂತ್ರಗಳಲ್ಲಿ ಯಾವುದೂ ಇದರ ಹತ್ತಿರ ಬರುವುದಿಲ್ಲ. ಭಾಷ್ಯವಿಷ್ಟು. ಊರಿನಲ್ಲಿ ಪಂಪ್‌ಸೆಟ್ ಓಡದಿದ್ದಾಗ ಬರುವ ಲೈನ್‌ಮನ್ ಟೆಸ್ಟರಿನ ದೀಪ ಮಿಣುಕಿತೆಂದು ಹಿಗ್ಗುವುದಿಲ್ಲ. ಹೋಲ್ಡರಿಗೆ ಎರಡು ವೈರು ಸಿಕ್ಕಿಸಿದ ಬಲ್ಬನ್ನು ಹಚ್ಚಿ ನೋಡುತ್ತಾನೆ. ಟೆಸ್ಟರ್ ಕೇಳುವುದು ಕರೆಂಟು ಇದೆಯೇ ಎಂದು. ಬಲ್ಬು ಕೇಳುವುದು ಕೆಲಸಕ್ಕೆ ಬರುತ್ತದೆಯೇ ಎಂದು. ದೇವದತ್ತನ ಮೀಟರಿನ ಒಳರೋಧ ಕೋಟಿ ಓಮ್. ಅದು ಎಳೆಯುವ ಕರೆಂಟು ಆಂಪಿಯರಿನ ಹತ್ತು ಲಕ್ಷದ ಒಂದು ಪಾಲಿನಷ್ಟು. ಅಷ್ಟು ಸಣ್ಣ ಹರಿವಿಗೆ ದಾರಿಯ ತುಕ್ಕು ಅಡ್ಡಿಯೇ ಅಲ್ಲ, ಹಾಗಾಗಿ ಮೀಟರಿಗೆ ಪೂರ್ತಿ 12 ಕಾಣುತ್ತದೆ. ನಾಲ್ಕು ಕಾಂತ ಒಟ್ಟಿಗೆ ಸೇರಿದರೆ ರೋಧ ಬರೀ 1 ಓಮ್. ಬಿಳಿ ತಂತಿಯ ಸ್ಕ್ರೂವಿನಲ್ಲಿ ಇನ್ನೊಂದು ಓಮಿನಷ್ಟು ತುಕ್ಕಿದ್ದರೆ ಕರೆಂಟು ಅರ್ಧಕ್ಕಿಳಿಯುತ್ತದೆ. ಕಾಂತಗಳಿಗೆ 6 ವೋಲ್ಟ್ ಸಿಗುತ್ತದೆ, ಮಿಕ್ಕ 6 ತುಕ್ಕಿನ ಪಾಲು. ಬ್ಯಾಟರಿ ಕಳಿಸಿದ ಶಕ್ತಿಯಲ್ಲಿ ಅರ್ಧ ಒಂದು ಸ್ಕ್ರೂವನ್ನು ಬಿಸಿ ಮಾಡಲು ಖರ್ಚಾಗುತ್ತದೆ. ವೇದಾಂತಿಗಳು ವ್ಯಾವಹಾರಿಕ ಸತ್ಯ, ಪಾರಮಾರ್ಥಿಕ ಸತ್ಯ ಎಂದು ಬೇರೆ ಮಾಡಿದರಲ್ಲ, ಇಲ್ಲಿ ಅದು ತಲೆಕೆಳಗು. ಭಾರವಿಲ್ಲದಾಗ ಕಂಡ 12 ಎಂಬ ನಿರ್ಮಲ ಸತ್ಯದಿಂದ ಟ್ರೇಲರ್ ನಿಲ್ಲದು. ಭಾರ ಹೊತ್ತಾಗ ಕಂಡ ಕೊಳಕು 6ರ ಜೊತೆಯೇ ಬೆಟ್ಟ ಇಳಿಯಬೇಕು. ನಮ್ಮ ವಿಚಾರ ಸಂಕಿರಣಗಳಲ್ಲಿ ಮಂಡನೆಯಾಗುವ ಬಹುತೇಕ ಸಿದ್ಧಾಂತಗಳನ್ನು ಅಳೆದಿರುವುದೂ ಭಾರವಿಲ್ಲದಾಗಲೇ ಎಂಬುದು ನನ್ನ ಗುಮಾನಿ, ಪ್ರಕೃತಕ್ಕೆ ಸಂಬಂಧವಿಲ್ಲ.

ಅಪ್ಪ ಹಳೆಯ 55 ವಾಟ್‌ನ ಹೆಡ್‌ಲೈಟ್ ಬಲ್ಬಿಗೆ ಎರಡು ವೈರು ಕಟ್ಟಿಸಿ ಸಾಕೆಟ್ಟಿನಲ್ಲಿ ಹಚ್ಚಿಸಿದರು. ಮಂಕು ಹಳದಿ ಬೆಳಕು. ಬಿಳಿಯ ಬದಲು ವೈರನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಹಿಡಿದರು. ಗ್ಯಾರೇಜು ಬೆಳಗಿತು. ಟ್ರಕ್ಕಿನ ಹಿಂದಿನ ಬಂಪರಿನಡಿ ಚಾಸಿಗೆ ಬಿಗಿದಿದ್ದ ಬಿಳಿ ತಂತಿಯ ಸ್ಕ್ರೂ ಹಸಿರುಗಟ್ಟಿತ್ತು. ಇಷ್ಟು ದಿನ ಕರೆಂಟಿನ ಒಂದು ಪಾಲು ಟ್ರೇಲರನ್ನು ಎಳೆಯುವ ಉಕ್ಕಿನ ಗುಂಡಿನ ಮೂಲಕ ಕಳ್ಳದಾರಿಯಲ್ಲಿ ವಾಪಸಾಗುತ್ತಿತ್ತು. ಆ ಗುಂಡಿಗೋ ದೇವದತ್ತ ಭಕ್ತಿಯಿಂದ ಗ್ರೀಸ್ ಬಳಿದಿದ್ದ. ಬ್ರೇಕ್ ತುಳಿದಾಗ ಟ್ರೇಲರಿನ ದೀಪಗಳೂ ಕುಗ್ಗುತ್ತಿದ್ದುದಕ್ಕೆ ಕಾರಣ ಆ ಸ್ಕ್ರೂವೇ. ಕೆರೆದು, ಹೊಸ ರಿಂಗ್ ಹಾಕಿ, ಬಿಗಿದು ಒತ್ತಿಸಿದರೆ 12.

ಕಳಚು ಸ್ವಿಚ್ಚಿನ ಪ್ರಕರಣವನ್ನು ಬಿಡುವಂತಿಲ್ಲ. ಟ್ರೇಲರ್ ಟ್ರಕ್ಕಿನಿಂದ ಕಳಚಿಕೊಂಡರೆ ಒಂದು ಉಕ್ಕಿನ ಹಗ್ಗ ಪಿನ್ನನ್ನು ಕಿತ್ತು, ಟ್ರೇಲರಿನ ಸ್ವಂತ ಬ್ಯಾಟರಿಯಿಂದ ಬ್ರೇಕು ಹಿಡಿಯುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಸಾಗಣೆ ನಿಯಮದಂತೆ ಆ ಹಿಡಿತ 15 ನಿಮಿಷ ಉಳಿಯಬೇಕು. ದೋಷ ಹುಡುಕುವವನಿಗೂ ಇದು ಉಪಕಾರಿ. ಪ್ಲಗ್ ಕಳಚಿ (ಕಳಚದೆ ಮಾಡಿದರೆ ಕಂಟ್ರೋಲರಿಗೆ ಕೇಡು) ಪಿನ್ ಎಳೆದರೆ ಗಾಲಿಗಳು ಹಿಡಿದವೋ, ಟ್ರೇಲರಿನೊಳಗಿನ ತಂತಿ ಹೆಚ್ಚುಕಡಿಮೆ ಶುದ್ಧ. ದೋಷ ಟ್ರಕ್ಕಿನ ಕಡೆ. ಮೊದಲು ಮಾಡಬೇಕಾದ ಪರೀಕ್ಷೆ ಇದು. ದೇವದತ್ತ ಇದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿದ, ಆದ್ದರಿಂದ ಗ್ರಂಥದಲ್ಲೂ ಕೊನೆಗೆ ಬಂದಿದೆ.

ರಜ್ಜುಸರ್ಪ ನ್ಯಾಯದ ಬಗ್ಗೆ ಒಂದು ಮಾತು. ಬ್ರೇಕಿನ ತಂತಿ ಒಂದು ಗಾಲಿಯಿಂದ ಇನ್ನೊಂದಕ್ಕೆ ಅನೇಕ ಟ್ರೇಲರುಗಳಲ್ಲಿ ಅಚ್ಚಿನ ಕೊಳವೆಯೊಳಗೇ ಹಾಯುತ್ತದೆ. ಕುಲುಕಾಟಕ್ಕೆ ಒಳಗೇ ಸವೆದು, ಗಾಲಿ ಗುಂಡಿಗೆ ಬಿದ್ದಾಗ ಶಾರ್ಟ್ ಆಗಿ, ಗ್ಯಾರೇಜಿನಲ್ಲಿ ಸಾಧುವಾಗಿರುತ್ತದೆ. ಇಂಥದ್ದನ್ನು ಹುಡುಕಲು ಕೆಳಗೆ ತೆವಳಿದಾಗ ಸುರುಳಿ ಸುತ್ತಿದ ತಂತಿಯನ್ನು ಹಾವೆಂದು ಭ್ರಮಿಸುವುದು ವೇದಾಂತ. ಕೊಲೊರಾಡೊದಲ್ಲಿ ಗಿಲಕಿ ಹಾವುಗಳಿವೆ. ಅಲ್ಲಿ ಹಾವನ್ನು ತಂತಿಯೆಂದು ಭ್ರಮಿಸದಿರುವುದು ಹೆಚ್ಚು ಉಪಯುಕ್ತ.

ಮುಂದಿನ ಶುಕ್ರವಾರ ದೇವದತ್ತ ಅಪ್ಪನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಸುರಂಗ ದಾಟಿ ಇಳಿದ. ಬುಡದಲ್ಲಿ ನಿಲ್ಲಿಸಿ ಟ್ರೇಲರ್ ಡ್ರಮ್ಮುಗಳಿಗೆ ಥರ್ಮಾಮೀಟರ್ ಹಿಡಿದು ನೋಡಿದರೆ ಮೂರು ಬಿಸಿ, ಬಲಗಡೆಯ ಹಿಂದಿನದು ತಣ್ಣಗಿದೆ. ಹೆಂಡತಿಯಿಂದ ಕೈಸನ್ನೆಕೋಲು ಒತ್ತಿಸಿ ಆ ಡ್ರಮ್ಮಿನ ಪಕ್ಕ ದಿಕ್ಸೂಚಿ ಹಿಡಿದ. ಅರ್ಸ್ಟೆಡ್ ಕಂಡಂತೆಯೇ ಮುಳ್ಳು ಜಿಗಿಯಿತು. ಅಂದರೆ ತಂತಿ ಸರಿಯಿದೆ, ಕಾಂತ ಸರಿಯಿದೆ. ಬೇರಿಂಗಿಗೆ ಗ್ರೀಸ್ ತುರುಕುವಾಗ ಉತ್ಸಾಹ ಹೆಚ್ಚಾಗಿ, ಅದು ಸೀಲು ದಾಟಿ ಬ್ರೇಕ್ ಶೂಗಳ ಮೇಲೆ ಹರಿದಿದೆ. ಗ್ರೀಸು ಪ್ರತ್ಯೇಕ ಶಾಸ್ತ್ರ, ಅದಕ್ಕೆ ಬೇರೆಯದೇ ವಿಭಾಗ, ಬೇರೆಯದೇ ಮುಖ್ಯಸ್ಥರು. ಅವರ ಕ್ಷೇತ್ರದಲ್ಲಿ ಈ ಗ್ರಂಥಕರ್ತ ಬಾಯಿ ಹಾಕುವುದಿಲ್ಲ. ದೇವದತ್ತ ನಾಳೆ ಬೆಳಿಗ್ಗೆ ಅವರನ್ನು ಕಾಣತಕ್ಕದ್ದು, ಅಲ್ಲಿಯವರೆಗೆ ಮೂರು ಗಾಲಿಯ ಬ್ರೇಕಿನಲ್ಲಿ ನಿಧಾನವಾಗಿ ಹೋಗತಕ್ಕದ್ದು.