ಮೊದಲು ಇಂಕಿನ ಬೆಲೆ ಕೇಳಿ, ಅಕ್ಕ

ಅಕ್ಕ, ನಿನ್ನೆ ದೇವರಾಜ ಅರಸು ರಸ್ತೆಗೆ ಹೋಗಿ ಪ್ರಿಂಟರ್ ನೋಡ್ಕೊಂಡು ಬಂದ್ರಂತೆ. ಅಡ್ವಾನ್ಸ್ ಏನೂ ಕೊಟ್ಟಿಲ್ಲ ತಾನೆ? ಸದ್ಯ! ಆ ನಾಲ್ಕು ಸಾವಿರದ್ದನ್ನ ಮನೆಗೆ ತರೋ ಮೊದಲು ಕಾಂಪೌಂಡ್ ಹತ್ರ ಸ್ವಲ್ಪ ಬನ್ನಿ, ಒಂದು ಲೆಕ್ಕ ಹೇಳ್ತೀನಿ.

ನೀವು ನೋಡಿರೋದು ಕಾರ್ಟ್ರಿಜ್ ಪ್ರಿಂಟರ್. ಒಳಗೆ ಎರಡೇ ಡಬ್ಬಿ. ಒಂದರಲ್ಲಿ ಕಪ್ಪು, ಇನ್ನೊಂದರಲ್ಲಿ ಮೂರೂ ಬಣ್ಣ. ಎಚ್‌ಪಿಯ 805 ನಂಬರಿನ ಕಾರ್ಟ್ರಿಜ್ ಅಂತಿದೆ. ಕಂಪನಿಯವರೇ ಹೇಳೋ ಪ್ರಕಾರ ಕಪ್ಪು ಸುಮಾರು 120 ಪುಟ, ಬಣ್ಣದ್ದು ಸುಮಾರು 100 ಪುಟ. ಅಷ್ಟಕ್ಕೆ ಮುಗೀತು. ಹೊಸದಕ್ಕೆ ಸಾವಿರದ ಹತ್ತಿರ ಹತ್ತಿರ ಕೊಡಬೇಕು. ಅಂದ್ರೆ ಪುಟಕ್ಕೆ ಎಂಟೋ ಒಂಬತ್ತೋ ರೂಪಾಯಿ ಬಿತ್ತು. ಜೆರಾಕ್ಸ್ ಅಂಗಡಿಯವನು 10 ರೂಪಾಯಿ ಕೇಳ್ತಾನೆ ಅಂತ ತಾನೇ ನೀವು ಪ್ರಿಂಟರ್ ತಗೊಳ್ಳೋಕೆ ಹೊರಟಿದ್ದು?

ನಿಮ್ಮ ವಿಷಯದಲ್ಲಿ ಇನ್ನೂ ಒಂದು ತೊಂದರೆ ಇದೆ. ನೀವು ಮಾರೋ ಚಟ್ನಿಪುಡಿಯ ಲೇಬಲ್ ಅಷ್ಟೂ ಮೆಣಸಿನಕಾಯಿ ಕೆಂಪು. ಪ್ರಿಂಟರ್‌ನಲ್ಲಿ ಕೆಂಪು ಇಂಕು ಅಂತ ಇರೋಲ್ಲ, ಮೆಜೆಂಟಾನೂ ಹಳದೀನೂ ಸೇರಿ ಕೆಂಪು ಆಗೋದು. ಅವೆರಡೂ ಬೇಗ ಬೇಗ ಖರ್ಚಾಗ್ತವೆ, ನೀಲಿ ಇದ್ದ ಹಾಗೇ ಇರುತ್ತೆ. ಮೂರೂ ಒಂದೇ ಡಬ್ಬೀಲಿ ಇರೋದ್ರಿಂದ ನೀಲೀನೂ ಸೇರಿಸಿ ಬಿಸಾಕಬೇಕು. ದುಡ್ಡು ಕೊಟ್ಟು ತಂದ ಇಂಕು ಕಣ್ಣೆದುರೇ ಕಸಕ್ಕೆ ಹೋದ್ರೆ ಹೊಟ್ಟೆ ಉರಿಯೋದಿಲ್ವಾ?

ಆ 100 ಪುಟ ಅನ್ನೋದನ್ನೂ ಪೂರ್ತಿ ನಂಬಬೇಡಿ. ಸುಳ್ಳಲ್ಲ ಅದು. ಐಎಸ್‌ಒದವರು ಇಂತಿಂಥ ಹಾಳೆ ಪ್ರಿಂಟ್ ಮಾಡಿ ಎಣಿಸಿ ಅಂತ ಮಾದರಿ ಪುಟಗಳನ್ನ ಗೊತ್ತು ಮಾಡಿದಾರೆ. ಅದರಲ್ಲಿ ಅಕ್ಷರ, ಚಿಕ್ಕ ಚಿತ್ರ, ಜೊತೆಗೆ ಬೇಕಾದಷ್ಟು ಬಿಳಿ ಜಾಗ. ನಿಮ್ಮ ಲೇಬಲ್ ಹಾಳೇಲಿ ಬಿಳಿ ಎಲ್ಲಿದೆ? ಮೊಮ್ಮಗನ ಸ್ಕೂಲ್ ಪ್ರಾಜೆಕ್ಟಿನ ಅಂಬಾರಿ ಫೋಟೋನೂ ಹಾಗೇ. ಅಂಥ ಹಾಳೆಗೆ ಇಂಕು ಎಷ್ಟೋ ಪಾಲು ಜಾಸ್ತಿ ಹೋಗುತ್ತೆ.

ಇಂಕ್ ಟ್ಯಾಂಕ್ ಪ್ರಿಂಟರ್ ನೋಡಿ. ಎಪ್ಸನ್, ಕ್ಯಾನನ್, ಎಚ್‌ಪಿ, ಬ್ರದರ್ ನಾಲ್ವರದ್ದೂ ಇವೆ. ಮೆಷಿನ್‌ಗೆ ಹನ್ನೊಂದರಿಂದ ಹದಿನೈದು ಸಾವಿರ ಆಗುತ್ತೆ, ಒಪ್ಪಿದೆ. ಆದರೆ ಎಪ್ಸನ್ನಿನ 003 ನಂಬರಿನ ಇಂಕಿನ ಬಾಟಲಿ 65 ಮಿಲಿ ಲೀಟರ್‌ದು, ಕಪ್ಪಿಗೆ 4,500 ಪುಟ, ಬಣ್ಣದ ಮೂರು ಬಾಟಲಿ ಸೇರಿ 7,500 ಪುಟ ಅಂತಾರೆ. ಬಾಟಲಿಗೆ 500 ರೂಪಾಯಿ ಅಂತಲೇ ಇಟ್ಕೊಳ್ಳಿ, ಬಣ್ಣದ ಪುಟಕ್ಕೆ 30 ಪೈಸೆ ಆಸುಪಾಸು ಬರುತ್ತೆ. ನಿಮ್ಮ ಕೆಂಪು ಲೇಬಲ್‌ಗೆ ಅದರ ಐದಾರು ಪಾಲು ಆಗಲಿ, ಎರಡು ರೂಪಾಯಿ ದಾಟೋಲ್ಲ. ಯಾವ ಬಣ್ಣ ಮುಗಿಯುತ್ತೋ ಆ ಬಾಟಲಿ ಒಂದನ್ನೇ ತಂದು ಸುರಿದ್ರೆ ಆಯ್ತು. ಮೊದಲನೇ ಸಲ ಮಾತ್ರ ಪೈಪೆಲ್ಲ ತುಂಬಬೇಕಲ್ಲ, ಪುಟ ಕಡಿಮೆ ಬರುತ್ತೆ. ಅದಕ್ಕೆ ಗಾಬರಿ ಆಗ್ಬೇಡಿ. ವಾರಕ್ಕೆ 20 ಹಾಳೆ ಅಂದ್ರೂ ವರ್ಷಕ್ಕೆ ಸಾವಿರ ಹಾಳೆ. ಹೆಚ್ಚಿಗೆ ಕೊಟ್ಟ ಎಂಟೋ ಹತ್ತೋ ಸಾವಿರ ವರ್ಷದ ಆಚೀಚೆ ಗಿಟ್ಟಿಹೋಗುತ್ತೆ.

ಏನಂದ್ರಿ? ಮೈಸೂರಲ್ಲೇ ಇಷ್ಟು ಇಂಕು ಮಾಡ್ತಾರೆ, ಪ್ರಿಂಟರ್ ಇಂಕು ಯಾಕೆ ಇಷ್ಟು ತುಟ್ಟಿ ಅಂತಾನಾ? ನಿಜ, ನಮ್ಮೂರು ಇಂಕಿಗೆ ಹೆಸರಾದ ಊರು. ನಾಲ್ವಡಿಯವರು 1937ರಲ್ಲಿ ಶುರು ಮಾಡಿದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್, 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಮಸಿ ಕೊಡ್ತಾ ಇದೆ. ನೋಟು ಮುದ್ರಣಕ್ಕೆ ಅಂತಲೇ 2022ರಲ್ಲಿ ವರ್ಣಿಕಾ ಅನ್ನೋ ಇಂಕಿನ ಘಟಕ ಬಂತು, ವರ್ಷಕ್ಕೆ 1,500 ಟನ್ ಮಾಡೋ ಶಕ್ತಿ ಇದೆಯಂತೆ. ಆ ಇಂಕುಗಳ ಜಾತಿಯೇ ಬೇರೆ, ಪ್ರಿಂಟರಿಗೆ ಆಗಿಬರೋಲ್ಲ. ಅಲ್ಲದೆ ಕಾರ್ಟ್ರಿಜ್ ತುಟ್ಟಿ ಆಗಿರೋದು ಬರೀ ಇಂಕು ಮಾಡೋ ಖರ್ಚಿನಿಂದ ಅಲ್ಲ. ಮೆಷಿನ್ ಅಗ್ಗಕ್ಕೆ ಕೊಟ್ಟು, ಆಮೇಲೆ ಕಾರ್ಟ್ರಿಜ್‌ನಲ್ಲಿ ವಸೂಲಿ ಮಾಡೋದು ಅವರ ವ್ಯಾಪಾರದ ದಾರಿ.

ಅದನ್ನ ಬದಲಾಯಿಸಿದ್ದು ನಮ್ಮಂಥೋರೇ, ಅಕ್ಕ. ಜನ ಸಿರಿಂಜ್‌ನಲ್ಲಿ ಇಂಕು ತುಂಬಿಸಿಕೊಂಡ್ರು, ಪ್ರಿಂಟರ್ ಪಕ್ಕಕ್ಕೆ ಬಾಟಲಿ ಕಟ್ಟಿ ಪೈಪ್ ಎಳ್ಕೊಂಡ್ರು. ಇಂಡೋನೇಷ್ಯಾದಲ್ಲಿ ಈ ಪೈಪಿನ ವ್ಯವಸ್ಥೆ ಎಷ್ಟು ಹಬ್ಬಿತ್ತು ಅಂದ್ರೆ, 2010ರಲ್ಲಿ ಎಪ್ಸನ್ನಿನವರೇ ಟ್ಯಾಂಕ್ ಇರೋ ಪ್ರಿಂಟರನ್ನ ಮೊದಲು ಅಲ್ಲೇ ಮಾರಾಟಕ್ಕೆ ಬಿಟ್ರು. ಉಳಿದ ಕಂಪನಿಗಳು ಹಿಂದೆ ಬಂದವು. ಮನೇಲಿ ಕೂತು ನಾಲ್ಕು ಕಾಸು ದುಡಿಯೋರು ಹಠ ಹಿಡಿದಿದ್ದಕ್ಕೆ ಅಷ್ಟು ದೊಡ್ಡ ಕಂಪನಿ ದಾರಿ ಬದಲಿಸ್ತಲ್ಲ, ಅದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಖುಷಿ ಆಗುತ್ತೆ.

ಟ್ಯಾಂಕ್ ಪ್ರಿಂಟರಲ್ಲೂ ನೋಡ್ಕೋಬೇಕಾದ್ದಿದೆ. ಆ 003ರಲ್ಲಿ ಕಪ್ಪೂ ಡೈ ಇಂಕು, ಒದ್ದೆ ಕೈ ಮುಟ್ಟಿದ್ರೆ ಕಲಸಿಹೋಗುತ್ತೆ. ಕ್ಯಾನನ್ ಜಿ ಸರಣಿಯ ಜಿ2010, ಜಿ3010ರಂಥವುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟು, ನೀರಿಗೆ ಅಷ್ಟು ಬೇಗ ಹರಡೋಲ್ಲ. ಪ್ಯಾಕ್ ಮಾಡಿದ ತಾರೀಖು, ಬೆಲೆ ಎಲ್ಲ ಕಪ್ಪಲ್ಲೇ ಇರೋದ್ರಿಂದ ನಿಮಗೆ ಅದೇ ವಾಸಿ. ಅವುಗಳಲ್ಲಿ ಬಣ್ಣ ಡೈನೇ. ಅದಕ್ಕೇ ಲೇಬಲ್ ಮೇಲೆ ಒಂದು ಟ್ರಾನ್ಸ್‌ಪರೆಂಟ್ ಟೇಪ್ ಅಂಟಿಸಿ, ಸ್ಟಿಕರ್ ಹಾಳೆ ತಗೊಳ್ಳೋವಾಗ ಇಂಕ್‌ಜೆಟ್‌ದೇ ಅಂತ ಕೇಳಿ ತಗೊಳ್ಳಿ. ಕಲರ್ ಲೇಸರ್ ವಿಚಾರ ಬಿಟ್ಬಿಡಿ, ಆ ನಾಲ್ಕು ಟೋನರ್ ಬೆಲೆ ನಮಗೆ ಎಟುಕೋಲ್ಲ.

ಇನ್ನೊಂದು, ಟ್ಯಾಂಕ್ ಪ್ರಿಂಟರನ್ನ ತಿಂಗಳುಗಟ್ಟಲೆ ಸುಮ್ಮನೆ ಇಟ್ರೆ ಇಂಕು ಚಿಮ್ಮಿಸೋ ಹೆಡ್ ಒಣಗಿ ಕಟ್ಕೊಳ್ಳುತ್ತೆ. ಕ್ಲೀನಿಂಗ್ ಮಾಡಿದ್ರೆ ಅದಕ್ಕೂ ಇಂಕೇ ಹೋಗೋದು. ವಾರಕ್ಕೊಂದು ಬಣ್ಣದ ಹಾಳೆಯಾದ್ರೂ ತೆಗೀರಿ. ಆರಿಸೋವಾಗ ಗೋಡೆ ಸ್ವಿಚ್ ಒತ್ತಬೇಡಿ, ಪ್ರಿಂಟರಿನ ಬಟನ್ನೇ ಒತ್ತಿ, ಆಗಲೇ ಅದು ಹೆಡ್ಡನ್ನ ಮುಚ್ಚಿಟ್ಕೊಳ್ಳೋದು. ಎದುರು ಮನೆ ಮೇಷ್ಟ್ರು ಕೇಳಿದ್ರೆ ನಾನು ಬೇಡ ಅಂತಲೇ ಹೇಳ್ತೀನಿ. ಅವರಿಗೆ ಬೇಕಿರೋದು ವರ್ಷಕ್ಕೆ ನಾಲ್ಕೋ ಐದೋ ಹಾಳೆ, ಜೆರಾಕ್ಸ್ ಅಂಗಡೀನೇ ಸಾಕು.

ಅಂಗಡಿಗೆ ಹೋದಾಗ ಮೆಷಿನ್ ಬೆಲೆಗಿಂತ ಮೊದಲು ಇಂಕಿನ ನಂಬರ್ ಕೇಳಿ, ಬಾಟಲಿ ಬೆಲೆ ಕೇಳಿ, ಎಷ್ಟು ಪುಟ ಅಂತ ಕೇಳಿ. ವಾರಂಟಿ ಎಷ್ಟು ವರ್ಷಕ್ಕೆ, ಎಷ್ಟು ಪುಟಕ್ಕೆ ಅಂತಲೂ ಬರೆಸ್ಕೊಳ್ಳಿ. ಇಲ್ಲೇ ಇಂಕು ತುಂಬಿಸಿ ಕೊಡ್ತೀವಿ ಅಂದ್ರೆ ಬೇಡ ಅನ್ನಿ, ತುಂಬಿದ ಟ್ಯಾಂಕನ್ನ ಸ್ಕೂಟರ್ ಮೇಲೆ ಕುಲುಕಿಸ್ಕೊಂಡು ವಿದ್ಯಾರಣ್ಯಪುರಂವರೆಗೆ ತರೋ ಹಾಗಿಲ್ಲ. ಮನೇಲಿ ಜಾಗ ಗೊತ್ತು ಮಾಡಿ ಇಡಿ, ಭಾನುವಾರ ತಿಂಡಿ ಆದಮೇಲೆ ನಾನೇ ಬಂದು ತುಂಬಿಸಿಕೊಡ್ತೀನಿ.