ಈ ಕಾಫಿಯಲ್ಲಿ ಕಿತ್ತಳೆ ಎಲ್ಲಿದೆ?

ನಮ್ಮ ಆನೇಮಹಲ್ ಕಡೆ ಕಾಫಿ ಬಗ್ಗೆ ಗೊತ್ತಿಲ್ಲದವರು ಯಾರೂ ಇಲ್ಲ. ಹೂಮಳೆ ಯಾವಾಗ ಬಿದ್ದರೆ ಒಳ್ಳೆಯದು, ಕಾಂಡಕೊರಕ ಯಾವ ಗಿಡಕ್ಕೆ ಹತ್ತಿದೆ, ನಿನ್ನೆಯ ರೇಟು ಎಷ್ಟು, ಮೂಟೆಗೆ ಓಟಿ ಎಷ್ಟು ಬಂತು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಓಟಿ ಅಂದರೆ ಔಟ್‌ಟರ್ನ್. 50 ಕೆ.ಜಿ. ರೋಬಸ್ಟಾ ಚೆರ್ರಿಯ ಸಿಪ್ಪೆ ಬಿಡಿಸಿದಾಗ 27 ಕೆ.ಜಿ. ಬೀಜ ಸಿಕ್ಕರೆ ಅವತ್ತು ಮನೆಯಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಒಣಗಿದ ಚೆರ್ರಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಕುಲುಕಿ, ಗಲಗಲ ಸದ್ದು ಕೇಳಿ, 'ಇನ್ನೊಂದು ಬಿಸಿಲು ಬೇಕು' ಅಂತ ತೀರ್ಪು ಕೊಡುವ ಪಂಡಿತರು ನಾವು. ಇಂಥ ನಮ್ಮನ್ನು 'ನಿಮ್ಮ ತೋಟದ ಕಾಫಿ ರುಚಿ ಹೇಗಿರುತ್ತೆ?' ಅಂತ ಕೇಳಿ ನೋಡಿ. 'ಕಾಫಿ ಥರಾನೇ ಇರುತ್ತೆ' ಅಂತೀವಿ.

ಈ ಅಜ್ಞಾನ ಬಯಲಾಗಿದ್ದು ನನ್ನ ಅಕ್ಕನ ಮಗನಿಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಹಬ್ಬಕ್ಕೆ ಬಂದವನು ಬ್ಯಾಗಿನಿಂದ ನಾಲ್ಕು ಪ್ಯಾಕೆಟ್ ಕಾಫಿ ಬೀಜ ತೆಗೆದ. ಕಾಫಿ ತೋಟದ ಮನೆಗೆ ಕಾಫಿ ಬೀಜ! ಕಡಲಿಗೆ ಕೊಡದಲ್ಲಿ ಉಪ್ಪು ಹೊತ್ತು ತಂದ ಹಾಗೆ. ಜೊತೆಗೆ ಕೈಯಲ್ಲಿ ತಿರುಗಿಸುವ ಪುಟ್ಟ ಗಿರಣಿ, ಕೊಕ್ಕರೆ ಕತ್ತಿನ ಕೆಟಲ್, ಒಂದು ಎಲೆಕ್ಟ್ರಾನಿಕ್ ತಕ್ಕಡಿ. ತಕ್ಕಡಿ ನೋಡಿದ ನಮ್ಮವ್ವ, "ಚಿನ್ನ ಗಿನ್ನ ಏನಾರ ತಂದಿದೀಯೇನೋ ಮಗ?" ಅಂದಳು. ಪ್ಯಾಕೆಟ್ಟಿನ ಬೆಲೆ ಕೇಳಿದ ಮೇಲೆ ನನಗೂ ಹಾಗೇ ಅನ್ನಿಸಿತು.

ನಾಲ್ಕರಲ್ಲಿ ಒಂದು ನಮ್ಮ ಸಕಲೇಶಪುರದ ಗುಡ್ಡದ್ದೇ ಬೀಜ. ಪೇಟೆಗೆ ಹೋಗಿ ಹುರಿಸಿಕೊಂಡು, ಬಣ್ಣದ ಪ್ಯಾಕೆಟ್ಟು ತೊಟ್ಟು, ಮದುವೆಯಾದ ಮಗಳು ಸೆಂಟು ಹಾಕಿಕೊಂಡು ತವರಿಗೆ ಬಂದ ಹಾಗೆ ಬಂದಿತ್ತು. ಮೇಲೆ ಅದರ ಜಾತಕ: ತೋಟ ಎಷ್ಟು ಎತ್ತರದಲ್ಲಿದೆ, ತಳಿ ಎಸ್.795, ಹುರಿದ ದಿನಾಂಕ ಇಂಥದ್ದು. ಕೊನೆಯಲ್ಲಿ ರುಚಿಯ ಸಾಲು: ಕಿತ್ತಳೆ, ಬೆಲ್ಲ, ಗೋಡಂಬಿ.

"ಕಿತ್ತಳೆ ಹಾಕವ್ರಾ?" ಅವ್ವ ಕೇಳಿದಳು.

"ಹಾಕಿಲ್ಲ ಅಜ್ಜಿ, ತಾನಾಗೇ ಬರುತ್ತೆ."

"ಎಲ್ಲಿಂದ? ನಮ್ಮ ತೋಟದ ಕಿತ್ತಳೆ ಮರ ಹೋಗಿ ಯಾವ ಕಾಲ ಆಯ್ತು!"

ಹುಡುಗ ಪೂಜೆಗೆ ಕೂತ. 15 ಗ್ರಾಂ ಬೀಜ ತೂಗಿದ, ಪುಡಿ ಮಾಡಿದ, ಕಾಗದದ ಜರಡಿಗೆ ಸುರಿದ, ಮೊಬೈಲಿನಲ್ಲಿ ಸಮಯ ಹಿಡಿದು ಸುತ್ತಲೂ ನೀರು ಬಿಟ್ಟ. ತೀರ್ಥ ಇಳಿಯಲು ಮೂರು ನಿಮಿಷ. ಹಾಲಿಲ್ಲ, ಸಕ್ಕರೆಯಿಲ್ಲ. ಬಣ್ಣ ನೋಡಿ ನಾನು ಟೀ ಅಂದುಕೊಂಡೆ. ಅವ್ವ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಹುಳಿ ಬಂದೈತೆ. ಕೆಟ್ಟೋಗಿರಬೇಕು."

"ಕೆಟ್ಟಿದ್ದಲ್ಲ ಅಜ್ಜಿ, ಅದು ಅಸಿಡಿಟಿ. ಒಳ್ಳೆ ಅರೇಬಿಕಾಗೆ ಇರಲೇಬೇಕು."

"ಅಸಿಡಿಟಿಗೆ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಅದನ್ನ ದುಡ್ಡು ಕೊಟ್ಟು ಬೇರೆ ಕುಡೀಬೇಕಾ?"

ನಗಬೇಡಿ. ಅವ್ವನ ನಾಲಿಗೆಯದ್ದೇನೂ ತಪ್ಪಿಲ್ಲ. ಈ ಸೀಮೆಗೆ ಮಂಜರಾಬಾದ್ ಅನ್ನುತ್ತಿದ್ದ 1850ರ ದಶಕದಲ್ಲೇ ರಾಬರ್ಟ್ ಎಲಿಯಟ್ ಎಂಬ ದೊರೆ ಇಲ್ಲಿ ತೋಟ ಎಬ್ಬಿಸಿ, ಮೈಸೂರು ಸೀಮೆಯ ಚಿನ್ನ, ಬೇಟೆ, ಕಾಫಿಗಳ ಮೇಲೆ 1894ರಲ್ಲಿ ಪುಸ್ತಕವನ್ನೂ ಬರೆದ. ಬೆಳೆದವರು ಇಲ್ಲಿ, ಚಪ್ಪರಿಸಿದವರು ಸಮುದ್ರದಾಚೆ. ಆಮೇಲೆ 1942ರ ಕಾಫಿ ಕಾಯ್ದೆ ಬಂತು. ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಕೊಡಬೇಕು, ಮನೆ ಖರ್ಚಿಗೆ, ಬಿತ್ತನೆಗೆ ಅಂತ ಒಂದಿಷ್ಟು ಇಟ್ಟುಕೊಳ್ಳಬಹುದು. ಯುದ್ಧಕಾಲದಲ್ಲಿ ಮಾರುಕಟ್ಟೆ ಮುಚ್ಚಿದ್ದಾಗ ಅದು ಬೆಳೆಗಾರನ ಜೀವ ಉಳಿಸಿತು, ಅದನ್ನು ಮರೆಯಬಾರದು. ಆದರೆ ಪೂಲ್ ಅಂದಮೇಲೆ ಮುಗೀತು, ನಿಮ್ಮ ಬೀಜ, ನಮ್ಮ ಬೀಜ, ಪಕ್ಕದ ಆಲೂರಿನವರ ಬೀಜ ಎಲ್ಲಾ ಗ್ರೇಡಿನ ಲೆಕ್ಕದಲ್ಲಿ ಒಂದೇ ರಾಶಿ. ರುಚಿಗೆ ವಿಳಾಸವೇ ಇಲ್ಲ. ಈ ಪೂಲಿನ ಕಟ್ಟು ಪೂರ್ತಿ ಸಡಿಲವಾದದ್ದು 1996ರಲ್ಲಿ.

ಹಾಗಾದರೆ ಮನೆಯಲ್ಲಿ ಏನು ಕುಡಿಯುತ್ತಿದ್ದೆವು? ಗಿಡದ ಬುಡದಲ್ಲಿ ಉದುರಿದ್ದು, ಮಂಗ ಚೀಪಿ ಉಗಿದದ್ದು, ಕಬ್ಬೆಕ್ಕು ತಿಂದು ಬಂಡೆ ಮೇಲೆ ಇಟ್ಟು ಹೋದದ್ದು. (ಈ ಕೊನೆಯದ್ದಕ್ಕೆ ಈಗ ಪೇಟೆಯಲ್ಲಿ ಸಾವಿರಗಟ್ಟಲೆ ಕೊಡುತ್ತಾರಂತೆ. ನಮ್ಮಜ್ಜಿ ಅದನ್ನು ತೊಳೆದು ಒಣಗಿಸಿ ಆಳುಕಾಳಿಗೂ ಕಾಯಿಸಿ ಕೊಡುತ್ತಿದ್ದಳು.) ಇಂಥ ಕಲಬೆರಕೆಯನ್ನು ಇದ್ದಿಲಾಗುವಷ್ಟು ಹುರಿಯಲೇಬೇಕಿತ್ತು. ಕರ್ರಗೆ ಹುರಿದರೆ ಬಲಿಯದ ಕಾಯಿ, ಕೊರಕ ತಿಂದದ್ದು, ಮಳೆಗೆ ನೆನೆದು ಬೂಸ್ಟು ಹಿಡಿದದ್ದು ಎಲ್ಲಕ್ಕೂ ಒಂದೇ ರುಚಿ, ಸುಟ್ಟ ರುಚಿ. ಅದರ ಮೇಲೊಂದು ಅಚ್ಚು ಬೆಲ್ಲ. ಅಲ್ಲಿ ಕಿತ್ತಳೆ ಇದ್ದರೂ ಪಾಪ ಎಲ್ಲಿ ಬದುಕೀತು?

ನಾನೂ ಸುಮ್ಮನೆ ಕೂರಲಿಲ್ಲ. ನಮ್ಮ ಬೀಜಕ್ಕೇನು ಕಮ್ಮಿ ಅಂತ, ಅಟ್ಟದಲ್ಲಿದ್ದ ಒಂದು ಕೆ.ಜಿ. ಅರೇಬಿಕಾ ತೆಗೆದು ಕಬ್ಬಿಣದ ಬಾಣಲೆಗೆ ಹಾಕಿದೆ. ಮೊದಲು ಹಸಿರು ಹೋಗಿ ಹಳದಿ, ಹುಲ್ಲು ಬೇಯಿಸಿದ ವಾಸನೆ. ಆಮೇಲೆ ಕಂದು. ಆಮೇಲೆ ಚಟ್ ಚಟ್ ಅಂತ ಸಿಡಿಯಲು ಶುರು. ಹುರಿಯುವವರ ಲೆಕ್ಕದಲ್ಲಿ ಇದು ಮೊದಲ ಸಿಡಿತ, ಬೀಜದ ಬಿಸಿ ಹೆಚ್ಚುಕಮ್ಮಿ 200 ಡಿಗ್ರಿ. ಬಲ್ಲವರು ಇಲ್ಲಿಂದ ಸೆಕೆಂಡು ಎಣಿಸುತ್ತಾರೆ. ನಾನು ಫೋನೆತ್ತಿದೆ, ಲಾರಿಯವನದು. ತಿರುಗಿ ಬರುವಷ್ಟರಲ್ಲಿ ತಳದ್ದು ಇದ್ದಿಲು, ಮೇಲಿನದು ಹಸಿ ಕಡಲೆ, ಅಡುಗೆಮನೆ ಉಗಿಬಂಡಿ. ತೂಗಿದರೆ 820 ಗ್ರಾಂ. "ಮಿಕ್ಕಿದ್ದು ಎಲ್ಲೋಯ್ತು?" ಅಂತ ನಮ್ಮನೆಯವಳು ಕೇಳಿದಳು. ನೀರಾಗಿ ಆರಿಹೋಯ್ತು ಅಂದರೆ ನಂಬುವವಳೇ?

ಹುಡುಗ ಬೆಂಗಳೂರಿಗೆ ಹೋಗುವಾಗ ಅರ್ಧ ಪ್ಯಾಕೆಟ್ ಬಿಟ್ಟು ಹೋಗಿದ್ದ. ಒಂದು ಬೆಳಿಗ್ಗೆ ಯಾರೂ ಏಳುವ ಮುಂಚೆ ಕದ್ದು ಮಾಡಿಕೊಂಡು, ಲೋಟ ಹಿಡಿದು ಕಣದ ಹತ್ತಿರ ಹೋದೆ. ರಾತ್ರಿ ಆನೆ ಬಂದು ಹೋಗಿತ್ತು, ಬೇಲಿ ನೋಡುತ್ತಾ ನಿಂತವನಿಗೆ ಕಾಫಿ ಮರೆತೇ ಹೋಯಿತು. ಆರಿದ ಮೇಲೆ ಒಂದು ಗುಟುಕು ಕುಡಿದೆ. ಇತ್ತು! ಕಿತ್ತಳೆ ಹಣ್ಣಲ್ಲ, ಸಿಪ್ಪೆಯನ್ನು ಚಿವುಟಿದಾಗ ಕಣ್ಣಿಗೆ ಚಿಮ್ಮುತ್ತಲ್ಲ, ಅದು. ಕ್ಷಣ ಇದ್ದು ಹೋಯಿತು. ಗೋಡಂಬಿ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಅದನ್ನು ಹಾಕಿದವನು ಊಟಕ್ಕೆ ಮುಂಚೆ ಬರೆದಿರಬೇಕು.

ಅಲ್ಲಿಂದ ಚಟ ಹತ್ತಿದೆ. ತಿಂಗಳಿಗೊಂದು ಹೊಸ ಪ್ಯಾಕೆಟ್, ಒಮ್ಮೆ ಚಿಕ್ಕಮಗಳೂರಿನದು, ಒಮ್ಮೆ ಕೊಡಗಿನದು, ಒಮ್ಮೆ ಹೆಸರೇ ಕೇಳದ ಹುಡುಗರು ಶೆಡ್ಡಿನಲ್ಲಿ ಹುರಿದದ್ದು. ಅವ್ವನೂ ತನ್ನ ದಾರಿ ಕಂಡುಕೊಂಡಿದ್ದಾಳೆ. ಆ ದುಬಾರಿ ಬೀಜವನ್ನೇ ಹಿತ್ತಾಳೆ ಫಿಲ್ಟರಿಗೆ ಒತ್ತಿ, ಎಮ್ಮೆ ಹಾಲು, ಬೆಲ್ಲ ಬೆರೆಸಿ, "ಈಗ ಕಾಪಿ ಆಯ್ತು" ಅನ್ನುತ್ತಾಳೆ. ಗಟ್ಟಿ ಸಾಲದು ಅಂತ ಗೊಣಗುವುದು ಬಿಟ್ಟಿಲ್ಲ. ಚಿಕೋರಿಗೆ ಒಗ್ಗಿದ ನಾಲಿಗೆ ಅದು.

ನೀವು ಶಿರಾಡಿ ಕಡೆ ಹೋಗುವಾಗ ದಾರಿಬದಿಯಲ್ಲಿ 'ತೋಟದ ಕಾಫಿ' ಅಂತ ಬೋರ್ಡು ಕಂಡು ಗಾಡಿ ನಿಲ್ಲಿಸಿದರೆ ಪ್ಯಾಕೆಟ್ಟಿನ ಬೆನ್ನು ತಿರುಗಿಸಿ ಓದಿ. ಚಿಕೋರಿ ನೂರಕ್ಕೆ 49 ಭಾಗದವರೆಗೂ ಕಾನೂನೇ ಒಪ್ಪುತ್ತದೆ, ಎಷ್ಟು ಅಂತ ಅಲ್ಲಿ ಬರೆದಿರಬೇಕು. ಹುರಿದ ದಿನಾಂಕ ಕೇಳಿ, ಪುಡಿ ಬೇಡ, ಬೀಜವನ್ನೇ ಕೊಳ್ಳಿ. ಹಾಗೇ ಆನೇಮಹಲ್ ದಾಟುವಾಗ ನಮ್ಮನೆಗೂ ಬನ್ನಿ, ಹೊಸ ಪ್ಯಾಕೆಟ್ ಒಡೆಯೋಣ. ಅವ್ವನ ಮುಂದೆ ಮಾತ್ರ ಕಿತ್ತಳೆ ವಿಷಯ ಎತ್ತಬೇಡಿ.