ಬಂದಿರಾ, ಯಾವಾಗ ಹೊರಡ್ತೀರಿ?

ಮನೆಗೆ ಬಂದ ನೆಂಟರನ್ನು ‘ಯಾವಾಗ ಹೊರಡ್ತೀರಿ?’ ಎಂದು ಕೇಳುವುದು ನಮ್ಮ ಕಡೆ ದೊಡ್ಡ ಅಪರಾಧ. ಮೂರನೆಯ ದಿನವೂ ‘ಇನ್ನೆರಡು ದಿನ ಇದ್ದು ಹೋದ್ರೆ ಏನಾಗುತ್ತೆ?’ ಎನ್ನಬೇಕು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾದರೆ ಅದನ್ನು ಕೇಳಿಸಿಕೊಳ್ಳದಂತೆ ಇರುವುದು ನೆಂಟರ ಧರ್ಮ. ದೇಶಗಳಿಗೆ ಈ ದಾಕ್ಷಿಣ್ಯವಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿ, ವಾಪಸ್ ಟಿಕೆಟ್ ಎಲ್ಲಿ ಎನ್ನುತ್ತವೆ. ಹೊರಡುವುದು ಖಾತ್ರಿಯಾದವನಿಗಷ್ಟೇ ಒಳಗೆ ಜಾಗ. ಮೊದಮೊದಲು ಇದು ಅವಮಾನವೆನಿಸುತ್ತಿತ್ತು. ಈಗೀಗ ಪಾತ್ರೆ ಸದ್ದಿಗಿಂತ ಇದೇ ವಾಸಿ ಅನಿಸುತ್ತಿದೆ.

ನಾನು ಗುರುವಾರ ಮನಸ್ಸಾದರೆ ಭಾನುವಾರ ಹೊರಡುವ ಜಾತಿ. ವರ್ಷದ ರಜೆ ವ್ಯರ್ಥವಾಗುವ ಹೊತ್ತಿಗೆ ಜೊತೆಗೆ ಬರುವವರನ್ನು ಹುಡುಕುತ್ತ ಕೂತರೆ ಯಾರಿಗೋ ಆಡಿಟ್ಟು, ಯಾರಿಗೋ ಮಗಳ ಪರೀಕ್ಷೆ. ಒಬ್ಬನೇ ಹೊರಟರೆ ಆಯಿತು. ಆದರೆ ಹೀಗೆ ಹೊರಡುವವನ ಪಾಲಿಗೆ ಭೂಪಟ ತಂತಾನೇ ಕಿರಿದಾಗುತ್ತದೆ. ಯುರೋಪಿನ ಮಾತೇ ಬೇಡ: ಷೆಂಗೆನ್ ವೀಸಾ ಅರ್ಜಿಯ ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅದರ ಮುಂಚೆ ಅಪಾಯಿಂಟ್‌ಮೆಂಟಿಗೆ ಕಾಯಬೇಕು, ಜೊತೆಗೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಆಲ್ಪ್ಸ್ ಪರ್ವತ ಎಲ್ಲಿಗೂ ಓಡಿಹೋಗುವುದಿಲ್ಲ, ಬಿಡಿ.

ಉಳಿಯುವುದು ಅಕ್ಕಪಕ್ಕದವರು. ನೇಪಾಳಕ್ಕೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಸಾಕು. ಸಿಮ್ ಕೊಳ್ಳಲು, ಗ್ಯಾಸ್ ಬರಲು, ಮಗುವನ್ನು ಶಾಲೆಗೆ ಸೇರಿಸಲು ಎಲ್ಲೆಲ್ಲೂ ಮುಂದಾಳಾದ ನಮ್ಮ ಆಧಾರ್ ಕಾರ್ಡು ಮಾತ್ರ 15ರಿಂದ 65ರ ನಡುವಿನವರಿಗೆ ಅಲ್ಲಿ ನಡೆಯುವುದಿಲ್ಲ. ಭೂತಾನಿಗೂ ವೀಸಾ ಬೇಡ. ಆದರೆ ಭಾರತೀಯರು ತಂಗುವ ಪ್ರತಿ ರಾತ್ರಿಗೆ 1,200 ರೂಪಾಯಿ ಶುಲ್ಕ. ಅಲ್ಲಿ ಯಾವಾಗ ಹೊರಡ್ತೀರಿ ಎಂದು ಯಾರೂ ಕೇಳಬೇಕಾಗಿಲ್ಲ, ಮೀಟರು ಓಡುತ್ತಿರುತ್ತದೆ. ಇನ್ನು ಮಲೇಷ್ಯಾ, ಮಾರಿಷಸ್, ಮಾಲ್ಡೀವ್ಸ್. ನಾನು ಆರಿಸಿಕೊಂಡದ್ದು ಥಾಯ್ಲೆಂಡ್. 2023ರ ನವೆಂಬರಿನಲ್ಲಿ ಅವರು ನಮಗೆ ವೀಸಾ ಬೇಡವೆಂದರು. 2024ರ ಜುಲೈನಲ್ಲಿ ವೀಸಾ ಇಲ್ಲದೆ ಇರಬಹುದಾದ ಅವಧಿಯನ್ನು 60 ದಿನಕ್ಕೆ ಏರಿಸಿದರು. ಏರಿಸಿದವರು ಇಳಿಸಲೂ ಬಲ್ಲರು, ಹಾಗಾಗಿ ಹೋದ ವರ್ಷ ಹೋಗಿಬಂದ ಭಾವಮೈದುನನ ಮಾತು ನಂಬದೆ ಟಿಕೆಟ್ ತೆಗೆಯುವ ದಿನವೇ ನೋಡಿಕೊಳ್ಳಬೇಕು.

‘ಬ್ಯಾಂಕಾಕಾ? ಒಬ್ರೇನಾ?’ ಎಂದು ಆಫೀಸಿನವರು ಕೇಳಿದ ರೀತಿಯನ್ನು ಬರೆದು ತೋರಿಸಲು ಕನ್ನಡ ಲಿಪಿಯಲ್ಲಿ ಚಿಹ್ನೆಯಿಲ್ಲ. ದೇವಸ್ಥಾನ ನೋಡೋಕೆ ಎಂದೆ. ನಗು ಇನ್ನೂ ಅಗಲವಾಯಿತು.

ಪಾಸ್‌ಪೋರ್ಟಿನ ಕೊನೆಯ ದಿನಾಂಕ ನಿಜವಾಗಿ ಕೊನೆಯ ದಿನಾಂಕವಲ್ಲ. ಬಹಳಷ್ಟು ದೇಶಗಳು ಒಳಗೆ ಬರುವ ದಿನಕ್ಕೆ ಇನ್ನೂ ಆರು ತಿಂಗಳ ಆಯುಸ್ಸು ಉಳಿದಿರಬೇಕು ಎನ್ನುತ್ತವೆ. ಕೈಯಲ್ಲಿರುವ ಪುಸ್ತಕ ಸರ್ಕಾರದ ಲೆಕ್ಕದಲ್ಲಿ ಜೀವಂತ, ವಿಮಾನದವರ ಲೆಕ್ಕದಲ್ಲಿ ನಿವೃತ್ತ. ಐದು ದಿನ ಇದ್ದು ಬರುವವನಿಗೆ ಆರು ತಿಂಗಳು ಯಾಕೆ? ಅಲ್ಲೇ ಕಾಯಿಲೆ ಬಿದ್ದರೆ, ಜಗಳವಾಗಿ ಕೋರ್ಟು ಕಚೇರಿ ಎಂದಾದರೆ, ಸತ್ತ ಪಾಸ್‌ಪೋರ್ಟಿನ ನೆಂಟನನ್ನು ವಾಪಸ್ ಕಳಿಸುವುದು ಹೇಗೆ ಎಂಬ ಮುಂದಾಲೋಚನೆ. ಮತ್ತೆ ಅದೇ ಚಿಂತೆ, ನೋಡಿ.

ಹೆಸರಿನದು ನಮ್ಮವರ ವಿಶೇಷ ಕಷ್ಟ. ಮೈಸೂರು ಸೀಮೆಯ ಹಳಬರಿಗೆ ಸರ್‌ನೇಮ್ ಎಂಬುದಿಲ್ಲ. ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕು. ಹಾಗೆ ಬಿಡಿಸಿಕೊಂಡ ಸ್ನೇಹಿತರೊಬ್ಬರನ್ನು ಹೊರದೇಶದ ಹೋಟೆಲಿನವರೆಲ್ಲ ‘ಮಿಸ್ಟರ್ ಹೊಳೆನರಸೀಪುರ’ ಎಂದೇ ಕರೆಯುತ್ತಾರೆ. ಅವರಿಗೆ ಅದರಲ್ಲಿ ಹೆಮ್ಮೆಯೂ ಇದೆ. ಬಿಡಿಸದೆ ಸರ್‌ನೇಮಿನ ಅಂಕಣವನ್ನು ಖಾಲಿ ಬಿಟ್ಟವರಿಗೆ 2022ರ ನವೆಂಬರಿನಲ್ಲಿ ಗಾಬರಿಯಾಯಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದುಬಿಟ್ಟಿತು ಅರಬ್ ಎಮಿರೇಟ್ಸ್. ಆಮೇಲೆ, ಅದೇ ಪುಸ್ತಕದಲ್ಲಿ ತಂದೆಯ ಹೆಸರಿದ್ದರೆ ನಡೆದೀತು ಎಂದು ಸಡಿಲಿಸಿತು. ಅಪ್ಪ ಕಾಪಾಡಿದ.

ಕೊನೇ ಗಳಿಗೆಯವರ ಮೇಲೆ ಕರುಣೆ ತೋರುವ ನಿಯಮವೂ ಒಂದಿದೆ. 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವವರು ಡಿಜಿಟಲ್ ಆಗಮನ ಪತ್ರ ತುಂಬಬೇಕು, ಅದೂ ತಲುಪುವ ಮೊದಲಿನ ಮೂರು ದಿನದೊಳಗೆ. ಆರು ತಿಂಗಳ ಹಿಂದೆಯೇ ಟಿಕೆಟ್ ಮಾಡಿ ಸೂಟ್‌ಕೇಸಿಗೆ ರಿಬ್ಬನ್ ಕಟ್ಟಿಟ್ಟ ಮಹನೀಯರೂ ಆ ಮೂರು ದಿನಕ್ಕಾಗಿ ಕಾಯಲೇಬೇಕು. ಮಲೇಷ್ಯಾದ್ದೂ ಹೀಗೇ. ಈ ಪತ್ರಕ್ಕೆ ಕಾಸಿಲ್ಲ. ಆದರೂ ಸರ್ಕಾರಿ ಮುಖ ಹೊತ್ತ ಖಾಸಗಿ ತಾಣಗಳು ದುಡ್ಡು ಕೇಳುತ್ತ ಕೂತಿರುತ್ತವೆ. ಅವಸರದವನ ಜೇಬೇ ಅವುಗಳ ಗಿರಾಕಿ.

ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ನನ್ನ ಪಾಸ್‌ಪೋರ್ಟ್ ತಿರುವಿ ಕಂಪ್ಯೂಟರು ನೋಡಿದಳು. ಯಾವ ದೇಶದವರು ಯಾವ ದೇಶಕ್ಕೆ ಏನೇನು ಹೊತ್ತು ಹೋಗಬೇಕು ಎಂಬ ಟಿಮ್ಯಾಟಿಕ್ ಎನ್ನುವ ಜಾಗತಿಕ ಪಂಚಾಂಗ ಅವರ ಬಳಿ ಇರುತ್ತದೆ. ಆಚೆಯವರು ಒಳಗೆ ಬಿಡದಿದ್ದರೆ ನಮ್ಮನ್ನು ಹೊತ್ತು ತರುವ ಹೊಣೆ ವಿಮಾನದವರದ್ದು. ಹಾಗಾಗಿ ಥಾಯ್ಲೆಂಡಿನ ಹೆಬ್ಬಾಗಿಲು ಶುರುವಾಗುವುದು ದೇವನಹಳ್ಳಿಯಲ್ಲೇ. ‘ರಿಟರ್ನ್ ಟಿಕೆಟ್ ಇದೆಯಾ ಸರ್?’ ಇದೆ ತಾಯಿ.

ನಂತರ ನಮ್ಮದೇ ಇಮಿಗ್ರೇಷನ್. ‘ಒಬ್ಬರೇ ಹೋಗ್ತಿದ್ದೀರಾ? ಏನು ಕೆಲಸ? ಯಾರಾದ್ರೂ ಕರೆಸಿಕೊಂಡಿದ್ದಾರಾ?’ ಆ ಕೊನೆಯ ಪ್ರಶ್ನೆ ಕುಚೋದ್ಯದ್ದಲ್ಲ. ಕೆಲಸದ ಆಸೆ ತೋರಿಸಿ ಬ್ಯಾಂಕಾಕಿಗೆ ಕರೆಸಿ, ಅಲ್ಲಿಂದ ಗಡಿಯಾಚೆ ಮ್ಯಾನ್ಮಾರಿನ ಸೈಬರ್ ವಂಚನೆಯ ಅಡ್ಡೆಗಳಿಗೆ ಹುಡುಗರನ್ನು ಸಾಗಿಸುವ ದಂಧೆಯಿದೆ. 2025ರ ಮಾರ್ಚಿನಲ್ಲಿ ಗಡಿಯೂರಾದ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತರಬೇಕಾಯಿತು. ಅಧಿಕಾರಿ ನನ್ನ ನರೆಗೂದಲು, ಹೊಟ್ಟೆ ಎರಡನ್ನೂ ನೋಡಿ, ಇವರಿಗೆ ಯಾರೂ ಕೆಲಸ ಕೊಡುವುದಿಲ್ಲವೆಂದು ಖಚಿತಪಡಿಸಿಕೊಂಡು ಮುದ್ರೆ ಒತ್ತಿದರು.

ಬ್ಯಾಂಕಾಕಿನ ನಿಲ್ದಾಣದ ಹೆಸರು ಸುವರ್ಣಭೂಮಿ. ಅಲ್ಲಿ ಸಮುದ್ರಮಥನದ ಭಾರಿ ಶಿಲ್ಪವಿದೆ. ದೇವತೆಗಳೂ ಅಸುರರೂ ವಾಸುಕಿಯನ್ನು ಎಳೆಯುತ್ತ ನಿಂತಿದ್ದಾರೆ. ಆದರೆ ಅದನ್ನಿಟ್ಟಿರುವುದು ಹೊರಡುವವರ ಕಡೆ. ಬರುವವರಿಗೆ ಉದ್ದನೆಯ ಸಾಲು.

ಹೋಟೆಲ್ ಬುಕಿಂಗು, ಬ್ಯಾಂಕ್ ಲೆಕ್ಕ, ವಿಮೆ, ಆಗಮನ ಪತ್ರದ ಎರಡು ಪ್ರತಿ ಎಲ್ಲವನ್ನೂ ಕಡತ ಮಾಡಿ ಎದೆಗೊತ್ತಿಕೊಂಡು ನಿಂತಿದ್ದೆ. ಅಧಿಕಾರಿಣಿ ಕ್ಯಾಮೆರಾ ತೋರಿಸಿದಳು, ಬೆರಳು ಒತ್ತಿಸಿದಳು, ಮುದ್ರೆ ಹಾಕಿದಳು. ಅದರಲ್ಲಿ ಬಂದ ದಿನದ ಕೆಳಗೇ ಹೊರಡಬೇಕಾದ ದಿನವೂ ಇತ್ತು. ಏನನ್ನೂ ಕೇಳಲಿಲ್ಲ. ಇಷ್ಟೆಲ್ಲ ಹೊತ್ತು ತಂದದ್ದಕ್ಕೆ ಒಂದು ಮಾತಾದರೂ ಬೇಡವೇ ಎಂದು ನಾನೇ ವಾಪಸ್ ಟಿಕೆಟ್ಟನ್ನು ಮೆಲ್ಲಗೆ ಅವಳ ಮುಂದೆ ಸರಿಸಿದೆ. ಆಕೆ ಅದನ್ನು ಹಾಗೆಯೇ ನನ್ನ ಕಡೆ ಸರಿಸಿ, ನನ್ನ ಹಿಂದಿದ್ದವನನ್ನು ನೋಡಿ ‘ನೆಕ್ಸ್ಟ್’ ಎಂದಳು.